ಅಲೆಯ ಚಿತ್ರ ಉಳಿಯಿತು, ಕೆತ್ತುವ ಕೈ ಉಳಿದೀತೇ?

ಟೋಕಿಯೋದ ಉಯೆನೊ ಉದ್ಯಾನದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆವರಣದಲ್ಲಿ 2025ರ ಏಪ್ರಿಲ್ 22ರಿಂದ ಜೂನ್ 15ರವರೆಗೆ ಎರಡು ಪ್ರದರ್ಶನಗಳು ಅಕ್ಕಪಕ್ಕದ ಕಟ್ಟಡಗಳಲ್ಲಿ ನಡೆದವು. ಒಂದು, ಹದಿನೆಂಟನೇ ಶತಮಾನದ ಪ್ರಕಾಶಕ ತ್ಸುತಾಯ ಜುಜಬುರೊ ಹೊರತಂದ ಮರದಚ್ಚು ಚಿತ್ರಗಳು ಮತ್ತು ಪುಸ್ತಕಗಳದು. ಇನ್ನೊಂದು, ಇಂದಿನ ಕಲಾವಿದರು ಬರೆದುಕೊಟ್ಟ ಚಿತ್ರಗಳನ್ನು ಅದೇ ಹಳೆಯ ವಿಧಾನದಲ್ಲಿ ಕೆತ್ತಿ ಮುದ್ರಿಸಿದ ಕೃತಿಗಳದು. ಅದೇ ವರ್ಷ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಹಿರೋಶಿಗೆಯ ಚಿತ್ರಗಳ ಪ್ರದರ್ಶನ ನಡೆಸಿತು.

ಇನ್ನೂರು ವರ್ಷಗಳ ಹಿಂದಿನ ಜಪಾನಿನ ಮರದಚ್ಚು ಚಿತ್ರಗಳಿಗೆ ಇಂದು ಸಿಗುತ್ತಿರುವ ಮನ್ನಣೆಗೆ ಇನ್ನಷ್ಟು ಪುರಾವೆಗಳಿವೆ. 2024ರ ಜುಲೈ 3ರಂದು ಜಪಾನ್ ಬಿಡುಗಡೆ ಮಾಡಿದ ಹೊಸ ಸಾವಿರ ಯೆನ್ ನೋಟಿನ ಹಿಂಬದಿಯಲ್ಲಿ ಹೊಕುಸಾಯಿ ಬರೆದ 'ಕನಗಾವಾದ ಮಹಾ ಅಲೆ' ಅಚ್ಚಾಗಿದೆ. 2020ರಿಂದ ನೀಡಲಾಗುತ್ತಿರುವ ಪಾಸ್‌ಪೋರ್ಟಿನ ಹಾಳೆಗಳಲ್ಲಿಯೂ ಆತನ ಫ್ಯೂಜಿ ಪರ್ವತದ ಚಿತ್ರಗಳಿವೆ. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಮಹಾ ಅಲೆಯ ಒಂದು ಪ್ರತಿ 27 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 22 ಕೋಟಿ ರೂಪಾಯಿಗೆ ಮಾರಾಟವಾಯಿತು.

ಇಷ್ಟೆಲ್ಲ ವೈಭವದ ನಡುವೆ ಒಂದು ಪ್ರಶ್ನೆ ಮಾತ್ರ ಹಿಂದೆ ಸರಿದಿದೆ. ಚಿತ್ರವನ್ನು ಕಾಪಾಡಲು ವಸ್ತುಸಂಗ್ರಹಾಲಯವಿದೆ. ಆ ಚಿತ್ರವನ್ನು ಮಾಡುವ ವಿದ್ಯೆಯನ್ನು ಕಾಪಾಡುವವರು ಯಾರು?

ನಾಲ್ವರು ಸೇರಿ ಮಾಡಿದ ಕೆಲಸ

'ಉಕಿಯೊ-ಎ' ಎಂದು ಕರೆಯಲಾಗುವ ಈ ಚಿತ್ರಗಳನ್ನು ನಾವು ಸಾಮಾನ್ಯವಾಗಿ ಒಬ್ಬ ಕಲಾವಿದನ ಹೆಸರಿನಿಂದಲೇ ಗುರುತಿಸುತ್ತೇವೆ: ಹೊಕುಸಾಯಿ, ಹಿರೋಶಿಗೆ, ಉತಮಾರೊ, ಶರಾಕು. ವಾಸ್ತವದಲ್ಲಿ ಪ್ರತಿಯೊಂದು ಚಿತ್ರದ ಹಿಂದೆ ನಾಲ್ವರ ಪಾತ್ರವಿತ್ತು. ಹಣ ಹೂಡಿ, ಯಾವ ಚಿತ್ರ ಮಾರಾಟವಾದೀತೆಂದು ಅಂದಾಜಿಸಿ ಕೆಲಸ ಮಾಡಿಸುತ್ತಿದ್ದವನು ಪ್ರಕಾಶಕ. ಮೂಲ ರೇಖಾಚಿತ್ರ ಬರೆಯುತ್ತಿದ್ದವನು ಚಿತ್ರಕಾರ. ಆ ಹಾಳೆಯನ್ನು ಚೆರ್ರಿ ಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಗೆರೆಗಳನ್ನಷ್ಟೇ ಉಳಿಸಿ ಉಳಿದುದನ್ನು ಕೆತ್ತಿ ತೆಗೆಯುತ್ತಿದ್ದವನು ಕೆತ್ತನೆಗಾರ. ಈ ಕೆಲಸದಲ್ಲಿ ಮೂಲ ಚಿತ್ರವೇ ನಾಶವಾಗುತ್ತಿತ್ತು. ಕೊನೆಯವನು ಮುದ್ರಕ. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಹಲಗೆಗೆ ಬಣ್ಣ ಬಳಿದು, ಮೇಲೆ ತೇವಗೊಳಿಸಿದ ಕಾಗದವಿಟ್ಟು, ಬಿದಿರಿನ ಪೊರೆ ಸುತ್ತಿದ 'ಬರೆನ್' ಎಂಬ ದುಂಡನೆಯ ಸಾಧನದಿಂದ ಕೈಯಲ್ಲೇ ಉಜ್ಜಿ ಮುದ್ರಿಸಬೇಕಿತ್ತು. ಇಡೀ ಕ್ರಿಯೆಯಲ್ಲಿ ಯಂತ್ರದ ಸೋಂಕಿಲ್ಲ.

1765ರ ಸುಮಾರಿಗೆ ಸುಜುಕಿ ಹರುನೊಬುವಿನ ಕಾಲದಲ್ಲಿ ಬಹುವರ್ಣ ಮುದ್ರಣ ಬಳಕೆಗೆ ಬಂತು. ಹತ್ತಾರು ಸಲ ಒತ್ತಿದರೂ ಒಂದು ಬಣ್ಣ ಇನ್ನೊಂದರ ಗಡಿ ದಾಟದಂತೆ ನೋಡಿಕೊಳ್ಳಲು ಹಲಗೆಯ ಅಂಚಿನಲ್ಲಿ ಎರಡು ಸಣ್ಣ ಗುರುತುಗಳನ್ನು ಕೆತ್ತುತ್ತಿದ್ದರು. ಇಷ್ಟು ಸರಳವಾದ ಉಪಾಯದಿಂದ ಸಾವಿರಾರು ಪ್ರತಿಗಳನ್ನು ತಪ್ಪಿಲ್ಲದೆ ಮುದ್ರಿಸಲು ಸಾಧ್ಯವಾಯಿತು.

ಬೆಲೆಯ ವಿಷಯದಲ್ಲಿ ಇವು ಜನಸಾಮಾನ್ಯರ ಸರಕು. ಒಂದೆರಡು ಬಟ್ಟಲು ಶ್ಯಾವಿಗೆಗೆ ತೆರುವ ಹಣದಲ್ಲಿ ಒಂದು ಚಿತ್ರ ಸಿಗುತ್ತಿತ್ತು. ನಾಟಕದ ನಟರು, ಸುಂದರಿಯರು, ಮಲ್ಲರು, ಪ್ರವಾಸಿ ತಾಣಗಳು ಇವುಗಳ ವಸ್ತು. ಹೊಸದು ಬಂದಾಗ ಹಳೆಯದನ್ನು ಎಸೆಯುವುದು ರೂಢಿ. ಮಹಾ ಅಲೆಯ ಸಾವಿರಾರು ಪ್ರತಿಗಳು ಅಚ್ಚಾಗಿರಬೇಕೆಂಬುದು ತಜ್ಞರ ಅಂದಾಜು. ಇಂದು ಜಗತ್ತಿನಾದ್ಯಂತ ಗುರುತಿಸಲಾಗಿರುವ ಮೂಲ ಪ್ರತಿಗಳು ನೂರಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ.

ಈ ಕೆತ್ತನೆಗಾರರ, ಮುದ್ರಕರ ಹೆಸರುಗಳು ಬಹುತೇಕ ಚಿತ್ರಗಳ ಮೇಲೆ ಇಲ್ಲ. ಮಹಾ ಅಲೆಯ ನೊರೆಯ ಬೆರಳುಗಳನ್ನು ಹಲಗೆಯಲ್ಲಿ ಮೂಡಿಸಿದವನು ಯಾರೆಂಬುದು ಇಂದಿಗೂ ತಿಳಿದಿಲ್ಲ. ಆದರೆ ಅವನ ಬೆಲೆ ಚಿತ್ರಕಾರನಿಗೆ ಚೆನ್ನಾಗಿ ತಿಳಿದಿತ್ತು. ತನ್ನ ಪುಸ್ತಕಗಳ ಕೆತ್ತನೆಯನ್ನು ಎಗಾವಾ ತೊಮೆಕಿಚಿಗೇ ಒಪ್ಪಿಸಬೇಕೆಂದು ಹೊಕುಸಾಯಿ ಪ್ರಕಾಶಕರಿಗೆ ಪತ್ರ ಬರೆದು ಒತ್ತಾಯಿಸಿದ್ದ. ಬೇರೆಯವರು ತನ್ನ ಚಿತ್ರದ ಕಣ್ಣು, ಮೂಗುಗಳನ್ನು ತಮಗೆ ತೋಚಿದಂತೆ ಕೆತ್ತುತ್ತಾರೆಂಬುದು ಅವನ ದೂರು.

ಬೇಡಿಯಿಂದ ನೋಟಿನವರೆಗೆ

ಇಂದು ಈ ಕಲೆಯನ್ನು ರಾಷ್ಟ್ರದ ಮುಖವೆಂದು ಬಿಂಬಿಸುವ ಜಪಾನ್, ಅಂದು ಇದನ್ನು ಸಂಶಯದಿಂದ ಕಾಣುತ್ತಿತ್ತು. 1790ರ ದಶಕದಿಂದ ಚಿತ್ರಗಳಿಗೆ ಪೂರ್ವಪರಿಶೀಲನೆಯ ಮುದ್ರೆ ಕಡ್ಡಾಯವಾಯಿತು. ತ್ಸುತಾಯ ಜುಜಬುರೊ ಪ್ರಕಟಿಸಿದ ಕೆಲವು ವಿನೋದ ಪುಸ್ತಕಗಳು ಆಳುವವರ ಕೋಪಕ್ಕೆ ಗುರಿಯಾಗಿ, 1791ರಲ್ಲಿ ಅವನು ಭಾರೀ ದಂಡ ತೆರಬೇಕಾಯಿತು. ಅವನ ಲೇಖಕನ ಕೈಗೆ 50 ದಿನ ಬೇಡಿ ಬಿತ್ತು. 1804ರಲ್ಲಿ ಉತಮಾರೊ ಕೂಡ ಇಂಥದೇ ಶಿಕ್ಷೆ ಅನುಭವಿಸಿದ. ಹಿಂದಿನ ಆಡಳಿತಗಾರ ಟೊಯೊಟೊಮಿ ಹಿದೆಯೊಶಿಯನ್ನು ಚಿತ್ರಿಸಿದ್ದೇ ಅವನ ಅಪರಾಧ. ಅದೇ ತ್ಸುತಾಯನ ಬದುಕನ್ನು ಆಧರಿಸಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2025ರಲ್ಲಿ ವರ್ಷಪೂರ್ತಿ ಧಾರಾವಾಹಿ ಪ್ರಸಾರ ಮಾಡಿತು ಎಂಬುದು ಕಾಲದ ವಿಪರ್ಯಾಸ.

ಇನ್ನೊಂದು ಸಂಗತಿಯೂ ಗಮನಾರ್ಹ. ಅಪ್ಪಟ ಜಪಾನಿ ಎಂದು ನಾವು ಭಾವಿಸುವ ಮಹಾ ಅಲೆಯ ಗಾಢ ನೀಲಿ ಜಪಾನಿನದಲ್ಲ. ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ತಯಾರಾದ ಕೃತಕ ಬಣ್ಣವದು. ಡಚ್ ಮತ್ತು ಚೀನೀ ಹಡಗುಗಳ ಮೂಲಕ ಬರುತ್ತಿದ್ದ ಈ 'ಪ್ರಷ್ಯನ್ ನೀಲಿ' 1820ರ ದಶಕದ ಕೊನೆಯಲ್ಲಿ ಅಗ್ಗವಾದಾಗ ಪ್ರಕಾಶಕರು ಅದನ್ನು ಬಿಡದೆ ಬಳಸಿದರು. ದೇಶ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲೂ ಪೇಟೆಯ ಕುಶಲಕರ್ಮಿ ಹೊಸದಕ್ಕೆ ಬಾಗಿಲು ತೆರೆದಿದ್ದ. ಪರಂಪರೆ ಎಂದರೆ ಬದಲಾಗದಿರುವುದು ಎಂದು ವಾದಿಸುವವರು ಇದನ್ನು ನೆನಪಿಡಬೇಕು.

ಕಡಲು ದಾಟಿದ ಸಂಪತ್ತು

1850ರ ದಶಕದಲ್ಲಿ ಜಪಾನ್ ಪಾಶ್ಚಾತ್ಯ ರಾಷ್ಟ್ರಗಳಿಗೆ ತೆರೆದುಕೊಂಡ ನಂತರ ಈ ಚಿತ್ರಗಳು ಹಡಗುಗಳಲ್ಲಿ ಯೂರೋಪು, ಅಮೆರಿಕಗಳಿಗೆ ಸಾಗಿದವು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಜಪಾನ್ ಭಾಗವಹಿಸಿದ ಮೇಲೆ ಅವುಗಳ ಬಗೆಗಿನ ಮೋಹ ಹಬ್ಬಿತು. ವ್ಯಾನ್ ಗೋ ನೂರಾರು ಪ್ರತಿಗಳನ್ನು ಕೂಡಿಟ್ಟ. 1887ರಲ್ಲಿ ಹಿರೋಶಿಗೆಯ ಎರಡು ಚಿತ್ರಗಳನ್ನು ತೈಲವರ್ಣದಲ್ಲಿ ನಕಲು ಮಾಡಿದ. ಅದೇ ಸಮಯದಲ್ಲಿ ಜಪಾನಿನಲ್ಲಿ ಕಲ್ಲಚ್ಚು, ಛಾಯಾಚಿತ್ರ, ವೃತ್ತಪತ್ರಿಕೆಗಳು ಮರದಚ್ಚಿನ ಮಾರುಕಟ್ಟೆಯನ್ನು ನುಂಗುತ್ತಿದ್ದವು. ತನ್ನ ಮನೆಯಲ್ಲಿ ಬೆಲೆ ಕಳೆದುಕೊಂಡ ವಸ್ತು ನೆರೆಮನೆಯ ಗೋಡೆಯಲ್ಲಿ ಮೆರೆಯಿತು. ಬೋಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಜಪಾನಿನ ಹೊರಗಿನ ಅತಿ ದೊಡ್ಡ ಸಂಗ್ರಹಗಳಲ್ಲೊಂದು ಇಂದು ಇರುವುದಕ್ಕೆ ಇದೇ ಕಾರಣ.

ಬೋಸ್ಟನ್ನಿನ ಸಂಗ್ರಹದಲ್ಲಿ ಒಂದು ವಿಶೇಷ ಭಾಗವಿದೆ. 1921ರಲ್ಲಿ ಸ್ಪಾಲ್ಡಿಂಗ್ ಸಹೋದರರು ಸುಮಾರು 6,500 ಚಿತ್ರಗಳನ್ನು ದಾನ ಮಾಡುವಾಗ, ಅವನ್ನು ಎಂದೂ ಪ್ರದರ್ಶನಕ್ಕೆ ಇಡಬಾರದೆಂಬ ಷರತ್ತು ವಿಧಿಸಿದರು. ಸಸ್ಯಮೂಲದ ಬಣ್ಣಗಳು ಬೆಳಕಿಗೆ ಮಾಸುತ್ತವೆ ಎಂಬುದೇ ಅದರ ಕಾರಣ. ಪರಿಣಾಮವಾಗಿ, ಬೇರೆಡೆ ಕಂದಾಗಿ ಹೋದ ನೇರಳೆ, ಗುಲಾಬಿ ಬಣ್ಣಗಳು ಅಲ್ಲಿ ಇಂದಿಗೂ ತಾಜಾ ಇವೆ. ಆದರೆ ಸಾರ್ವಜನಿಕರು ಅವನ್ನು ಪ್ರದರ್ಶನದಲ್ಲಿ ನೋಡುವಂತಿಲ್ಲ.

ಈ ಇಕ್ಕಟ್ಟು ಎಲ್ಲ ವಸ್ತುಸಂಗ್ರಹಾಲಯಗಳದೂ ಹೌದು. ತೋರಿಸಿದರೆ ಸವೆಯುತ್ತದೆ, ತೋರಿಸದಿದ್ದರೆ ಇದ್ದೂ ಇಲ್ಲದಂತೆ. ಆದ್ದರಿಂದಲೇ ಇಂಥ ಪ್ರದರ್ಶನಗಳಲ್ಲಿ ದೀಪ ಮಂದವಾಗಿರುತ್ತದೆ, ಕೆಲವು ವಾರಗಳಿಗೊಮ್ಮೆ ಚಿತ್ರಗಳನ್ನು ಬದಲಿಸಲಾಗುತ್ತದೆ. ಒಮ್ಮೆ ಹೊರಬಂದ ಚಿತ್ರ ಮತ್ತೆ ವರ್ಷಗಟ್ಟಲೆ ಕತ್ತಲೆಯ ಕೋಣೆಗೆ ಹೋಗುತ್ತದೆ. ಅಂದರೆ, ವಸ್ತುಸಂಗ್ರಹಾಲಯ ಎಷ್ಟೇ ಎಚ್ಚರ ವಹಿಸಿದರೂ ಮೂಲ ಪ್ರತಿಯ ಆಯಸ್ಸನ್ನು ಹಿಗ್ಗಿಸಬಲ್ಲದೇ ಹೊರತು ಅದನ್ನು ಅಮರಗೊಳಿಸಲಾರದು. ನಾಳೆಯ ಪೀಳಿಗೆ ಹಿರೋಶಿಗೆಯ ಮಳೆಯನ್ನು ಅದರ ನಿಜವಾದ ಬಣ್ಣದಲ್ಲಿ ಕಾಣಬೇಕಾದರೆ, ಅದನ್ನು ಮತ್ತೆ ಕೆತ್ತಿ ಮುದ್ರಿಸಬಲ್ಲವರು ಅಂದು ಇರಬೇಕು.

ಕಾನೂನು ಏನು ಮಾಡಿದೆ?

ಈ ನಿಟ್ಟಿನಲ್ಲಿ ಜಪಾನ್ ಸರ್ಕಾರ ಕೈಕಟ್ಟಿ ಕುಳಿತಿಲ್ಲ. 1950ರ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಕಾಯ್ದೆ, ಕಟ್ಟಡ ಮತ್ತು ಚಿತ್ರಗಳ ಜತೆಗೆ ಕೌಶಲವನ್ನೂ ಆಸ್ತಿಯೆಂದು ಒಪ್ಪಿಕೊಂಡಿತು. ಅದರ ಅಡಿಯಲ್ಲಿ 1955ರಿಂದ ಶ್ರೇಷ್ಠ ಕುಶಲಕರ್ಮಿಗಳನ್ನು ಗುರುತಿಸಲಾಗುತ್ತಿದೆ. ಜನ ಅವರನ್ನು 'ಜೀವಂತ ರಾಷ್ಟ್ರೀಯ ನಿಧಿ' ಎನ್ನುತ್ತಾರೆ. ವಿದ್ಯೆಯನ್ನು ಮುಂದಿನವರಿಗೆ ದಾಟಿಸಲು ಪ್ರತಿಯೊಬ್ಬರಿಗೂ ವರ್ಷಕ್ಕೆ 20 ಲಕ್ಷ ಯೆನ್ ನೆರವು ದೊರೆಯುತ್ತದೆ. ಮರದಚ್ಚು ಮುದ್ರಣಕ್ಕೆ ಬೇಕಾದ ಎಚಿಜೆನ್ ಕಾಗದವನ್ನು ತಯಾರಿಸುವ ಮನೆತನದ ಒಂಬತ್ತನೇ ತಲೆಮಾರಿನ ಇವಾನೊ ಇಚಿಬೆಯಿ 2000ದಲ್ಲಿ ಈ ಗೌರವ ಪಡೆದರು.

1974ರಲ್ಲಿ ಬಂದ ಇನ್ನೊಂದು ಕಾಯ್ದೆ ಸಾಂಪ್ರದಾಯಿಕ ಕರಕುಶಲ ಉದ್ಯಮಗಳಿಗೆ ಸಂಬಂಧಿಸಿದ್ದು. ದಿನನಿತ್ಯದ ಬಳಕೆಗೆ ಬರಬೇಕು, ಮುಖ್ಯ ಭಾಗ ಕೈಯಿಂದಲೇ ತಯಾರಾಗಬೇಕು, ವಿಧಾನ ಮತ್ತು ಸಾಮಗ್ರಿ ಸುಮಾರು ನೂರು ವರ್ಷ ಹಳೆಯದಾಗಿರಬೇಕು, ಒಂದು ಪ್ರದೇಶದಲ್ಲಿ ತಕ್ಕಮಟ್ಟಿನ ಸಂಖ್ಯೆಯ ಉತ್ಪಾದಕರಿರಬೇಕು ಎಂಬುವು ಅದರ ನಿಬಂಧನೆಗಳು. ಇಂದು 240ಕ್ಕೂ ಹೆಚ್ಚು ಕುಶಲಕಲೆಗಳು ಈ ಪಟ್ಟಿಯಲ್ಲಿವೆ. ಟೋಕಿಯೋದ ಮರದಚ್ಚು ಚಿತ್ರಕಲೆ ಅದರಲ್ಲಿ ಸೇರಿದ್ದು 2007ರಲ್ಲಿ. ಅಂದರೆ ಜಗತ್ತು ಅದನ್ನು ಗುರುತಿಸಿ ಒಂದೂಕಾಲು ಶತಮಾನ ಕಳೆದ ಮೇಲೆ!

ಕಾಯ್ದೆಗಳಿದ್ದರೂ ಅಂಕಿಅಂಶಗಳು ಸಮಾಧಾನ ತರುವಂತಿಲ್ಲ. ಪಟ್ಟಿಯಲ್ಲಿರುವ ಕುಶಲಕಲೆಗಳ ಒಟ್ಟು ಉತ್ಪಾದನಾ ಮೌಲ್ಯ 1980ರ ದಶಕದ ಮೊದಲ ಭಾಗದಲ್ಲಿ ಶಿಖರ ಮುಟ್ಟಿತ್ತು. 2010ರ ದಶಕದ ವೇಳೆಗೆ ಅದು ಐದನೇ ಒಂದು ಭಾಗದಷ್ಟಕ್ಕೆ ಕುಸಿದಿತ್ತು. 1970ರ ದಶಕದ ಅಂತ್ಯದಲ್ಲಿ ಮೂರು ಲಕ್ಷದ ಹತ್ತಿರವಿದ್ದ ಕೆಲಸಗಾರರ ಸಂಖ್ಯೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯಿತು. ಉಳಿದವರಲ್ಲಿ ವಯಸ್ಸಾದವರೇ ಹೆಚ್ಚು.

ಇಲ್ಲಿ ನೀತಿಯ ಒಂದು ಮಿತಿಯನ್ನೂ ಹೇಳಬೇಕು. ಗೌರವ ಸಲ್ಲುವುದು ಸಾಮಾನ್ಯವಾಗಿ ಶ್ರೇಷ್ಠ ವ್ಯಕ್ತಿಗೆ. ಆದರೆ ಮರದಚ್ಚು ಚಿತ್ರ ಒಬ್ಬ ವ್ಯಕ್ತಿಯದಲ್ಲ, ಅದೊಂದು ಸರಪಣಿ. ಕೆತ್ತನೆಗಾರನಿಗೆ ಕಾಡು ಚೆರ್ರಿಯ ಹದವಾದ ಹಲಗೆ ಬೇಕು, ಅದನ್ನು ನುಣುಪು ಮಾಡುವ ಬಡಗಿ ಬೇಕು. ಮುದ್ರಕನಿಗೆ ಹಿಪ್ಪುನೇರಳೆಯ ಕುಲಕ್ಕೆ ಸೇರಿದ ಕೊಜೊ ಗಿಡದ ನಾರಿನ ಕಾಗದ ಬೇಕು, ಬರೆನ್ ಕಟ್ಟುವವನು ಬೇಕು. ಶಾಸ್ತ್ರೋಕ್ತವಾಗಿ ಬರೆನ್ ಕಟ್ಟಬಲ್ಲವರು ಇಂದು ಬೆರಳೆಣಿಕೆಯಷ್ಟು. ಯಾರ ಹೆಸರೂ ಪ್ರದರ್ಶನದ ಫಲಕದಲ್ಲಿ ಬರುವುದಿಲ್ಲ. ಆದರೆ ಇವರಲ್ಲಿ ಒಬ್ಬ ಅಂಗಡಿ ಮುಚ್ಚಿದರೂ ಸರಪಣಿ ಕಳಚುತ್ತದೆ.

ವಾಜಿಮಾ ಕಲಿಸಿದ ಪಾಠ

ಸರಪಣಿ ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ನೊಟೊ ಪರ್ಯಾಯದ್ವೀಪದ ವಾಜಿಮಾ ಪಟ್ಟಣ ಸಾಕ್ಷಿ. 2024ರ ಜನವರಿ 1ರಂದು ಅಲ್ಲಿ 7.6 ತೀವ್ರತೆಯ ಭೂಕಂಪ ಸಂಭವಿಸಿತು. ನೊಟೊ ಪ್ರದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸ್ಥಳದಲ್ಲೇ ಮಡಿದರು. ವಾಜಿಮಾದ ಹೆಸರುವಾಸಿ ಬೆಳಗಿನ ಸಂತೆಯ ಬೀದಿ ಬೆಂಕಿಗೆ ಆಹುತಿಯಾಯಿತು. ಇನ್ನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪ್ರವಾಹ ಬಂದು ಗಾಯದ ಮೇಲೆ ಬರೆ ಎಳೆಯಿತು.

ವಾಜಿಮಾ 'ಉರುಶಿ' ಲೇಪಿತ ಮರದ ಪಾತ್ರೆಗಳಿಗೆ ಹೆಸರಾದ ಊರು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವ ಅರಗು ಕೀಟದಿಂದ ಬರುವಂಥದು. ಉರುಶಿ ಹಾಗಲ್ಲ, ಅದು ಮರದ ರಸ. ಹತ್ತು ಹದಿನೈದು ವರ್ಷ ಬೆಳೆದ ಒಂದು ಮರದ ತೊಗಟೆ ಗೀರಿದರೆ ದೊರೆಯುವುದು ಸುಮಾರು 200 ಗ್ರಾಂ ಮಾತ್ರ. ವಾಜಿಮಾದಲ್ಲಿ ಆ ರಸಕ್ಕೆ ಸ್ಥಳೀಯವಾಗಿ ಸಿಗುವ ವಿಶಿಷ್ಟ ಮಣ್ಣನ್ನು ಸುಟ್ಟು ಪುಡಿಮಾಡಿ ಬೆರೆಸುತ್ತಾರೆ. ಪಾತ್ರೆಗಳಿಗೆ ಗಟ್ಟಿತನ ಬರುವುದು ಅದರಿಂದಲೇ. ಬಟ್ಟಲು ಕಡೆಯುವವನು ಒಬ್ಬ, ತಳಲೇಪ ಮಾಡುವವನು ಇನ್ನೊಬ್ಬ, ಉಜ್ಜುವವನು ಮತ್ತೊಬ್ಬ, ಚಿನ್ನದ ಕೆಲಸ ಮಾಡುವವನು ಮಗದೊಬ್ಬ. ನೂರಕ್ಕೂ ಹೆಚ್ಚು ಹಂತಗಳ ಕೆಲಸವದು. ಭೂಕಂಪದ ನಂತರ ಹಲವರು ಊರು ತೊರೆದು ತಾತ್ಕಾಲಿಕ ವಸತಿಗಳಿಗೆ ಹೋದರು. ಲೇಪ ಮಾಡುವವನ ಕಾರ್ಯಾಗಾರ ಉಳಿದರೂ ಬಟ್ಟಲು ಕಡೆದುಕೊಡುವವನಿಲ್ಲದಿದ್ದರೆ ಕೆಲಸ ನಡೆಯುವುದು ಹೇಗೆ?

2024ರ ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ಭೇಟಿ ನೀಡಿದ ಅಂದಿನ ಪ್ರಧಾನಿ ಕಿಶಿದಾ, ಅಧ್ಯಕ್ಷ ಬೈಡನ್ ದಂಪತಿಗೆ ವಾಜಿಮಾದ ಕಾಫಿ ಬಟ್ಟಲುಗಳನ್ನು ಉಡುಗೊರೆಯಾಗಿ ನೀಡಿದರು. ನೊಂದ ಊರಿಗೆ ಅದು ಗೌರವದ ಕ್ಷಣವೇ ಸರಿ. ಆದರೆ ರಾಜತಾಂತ್ರಿಕ ಉಡುಗೊರೆಯಿಂದ ಒಂದು ಊರಿನ ಒಲೆ ವರ್ಷವಿಡೀ ಉರಿಯದು. ಉರುಶಿಯ ವಿಷಯದಲ್ಲಿ ಸರ್ಕಾರ ಕೈಗೊಂಡ ಇನ್ನೊಂದು ಕ್ರಮ ಹೆಚ್ಚು ಫಲ ನೀಡಿದೆ. ಜಪಾನ್ ಬಳಸುವ ಉರುಶಿಯಲ್ಲಿ ಬಹುಪಾಲು ಚೀನಾದಿಂದ ಬರುತ್ತದೆ. ರಾಷ್ಟ್ರೀಯ ನಿಧಿಗಳೆನಿಸಿದ ಕಟ್ಟಡಗಳ ದುರಸ್ತಿಗೆ ದೇಶೀಯ ಉರುಶಿಯನ್ನೇ ಬಳಸಬೇಕೆಂದು ಸಂಸ್ಕೃತಿ ಇಲಾಖೆ 2010ರ ದಶಕದ ಮಧ್ಯದಲ್ಲಿ ಸೂಚಿಸಿತು. ಅದರಿಂದ ಇವಾತೆ ಪ್ರಾಂತ್ಯದ ಜೊಬೊಜಿಯಲ್ಲಿ ರಸ ತೆಗೆಯುವವರಿಗೆ ಖಾತರಿಯ ಗಿರಾಕಿ ಸಿಕ್ಕಂತಾಯಿತು. ಸನ್ಮಾನಕ್ಕೂ ಬೇಡಿಕೆಗೂ ಇರುವ ವ್ಯತ್ಯಾಸ ಇದೇ.

ಮಾರುಕಟ್ಟೆಯ ಮಾತು

ಹಾಗಾದರೆ ಯಂತ್ರದ ಯುಗದಲ್ಲಿ ಕೈಮುದ್ರಣವನ್ನು ಕೃತಕವಾಗಿ ಉಳಿಸಬೇಕೇ ಎಂಬ ಪ್ರಶ್ನೆ ಸಹಜ. ಇಂದಿನ ಡಿಜಿಟಲ್ ಮುದ್ರಣ ಮಹಾ ಅಲೆಯನ್ನು ಕ್ಷಣಾರ್ಧದಲ್ಲಿ ನಕಲು ಮಾಡಬಲ್ಲದು. ಹೌದು, ಗೆರೆ ಮತ್ತು ಬಣ್ಣವನ್ನು ಅದು ನಕಲು ಮಾಡುತ್ತದೆ. ಆದರೆ ಬರೆನ್ ಒತ್ತಿದಾಗ ಬಣ್ಣ ಕಾಗದದ ನಾರಿನೊಳಗೆ ಇಳಿಯುತ್ತದೆ. ಆಕಾಶದ ನೀಲಿ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತ ಬರುವುದು ಮುದ್ರಕನ ಕುಂಚದ ನೀರಿನ ಹದದಿಂದ. ಇದನ್ನು ಯಂತ್ರ ತೋರಿಸಬಲ್ಲದು, ಮಾಡಲಾರದು. ಈ ವಿದ್ಯೆ ಪುಸ್ತಕದಲ್ಲಿಲ್ಲ. ಗುರುವಿನ ಪಕ್ಕದಲ್ಲಿ ಕುಳಿತು ಹತ್ತು ವರ್ಷ ಕೈ ಪಳಗಿಸಿದರೆ ಮಾತ್ರ ಬರುವಂಥದು. ಒಂದು ತಲೆಮಾರು ತಪ್ಪಿದರೆ ಮತ್ತೆ ಸಿಗದು.

ಇತಿಹಾಸದಲ್ಲಿ ಈ ಕಲೆ ಒಮ್ಮೆ ಅಳಿವಿನ ಅಂಚಿನಿಂದ ಮರಳಿದ್ದಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವತನಬೆ ಶೊಜಬುರೊ ಎಂಬ ಪ್ರಕಾಶಕ ಕವಾಸೆ ಹಸುಯಿಯಂಥ ಹೊಸ ಚಿತ್ರಕಾರರನ್ನು ಹಳೆಯ ಕುಶಲಕರ್ಮಿಗಳೊಡನೆ ಕೂಡಿಸಿದ. 1923ರ ಕಾಂಟೊ ಭೂಕಂಪದ ಬೆಂಕಿಯಲ್ಲಿ ಅವನ ಹಲಗೆಗಳೆಲ್ಲ ಸುಟ್ಟರೂ ಮತ್ತೆ ಕಟ್ಟಿದ. ಅದೇ ಚಳವಳಿಯ ಯೊಶಿದಾ ಹಿರೊಶಿ 1930ರ ದಶಕದ ಆರಂಭದಲ್ಲಿ ಭಾರತಕ್ಕೆ ಬಂದು, ತಾಜಮಹಲ್ ಸೇರಿದಂತೆ ನಮ್ಮ ತಾಣಗಳನ್ನು ಮರದಚ್ಚಿನಲ್ಲಿ ಮೂಡಿಸಿದ. ಇವರ ಹೆಚ್ಚಿನ ಗಿರಾಕಿಗಳು ಅಮೆರಿಕದವರು. ಕಲೆ ಉಳಿದದ್ದು ಕಪಾಟಿನಲ್ಲಿ ಭದ್ರವಾಗಿದ್ದುದರಿಂದಲ್ಲ, ಕೊಳ್ಳುವವರು ಇದ್ದುದರಿಂದ.

2025ರ ಉಯೆನೊದ ಎರಡನೇ ಪ್ರದರ್ಶನಕ್ಕೆ ಮಹತ್ವವಿರುವುದು ಇಲ್ಲಿಯೇ. ಟೋಕಿಯೋದ ಅದಾಚಿ ಸಂಸ್ಥೆಯ ಕೆತ್ತನೆಗಾರರು ಮತ್ತು ಮುದ್ರಕರು, ಕುಸಾಮಾ ಯಾಯೊಯಿ ಅಂಥ ಸಮಕಾಲೀನ ಕಲಾವಿದರ ಚಿತ್ರಗಳನ್ನು ಹಲಗೆಗೆ ಇಳಿಸುತ್ತಿದ್ದಾರೆ. ಹಳೆಯದರ ನಕಲು ಮಾತ್ರ ಮಾಡುತ್ತ ಕುಳಿತರೆ ಕೈ ಹಳೆಯ ಸಮಸ್ಯೆಗಳನ್ನಷ್ಟೇ ಬಿಡಿಸುತ್ತದೆ. ಹೊಸ ಚಿತ್ರ ಹೊಸ ಕಷ್ಟ ಒಡ್ಡುತ್ತದೆ, ಯುವಕರಿಗೆ ಕೆಲಸ ಕೊಡುತ್ತದೆ. ಹೊಕುಸಾಯಿಯ ಕೈಗೆ ಬರ್ಲಿನ್ನಿನ ನೀಲಿ ಬಂದಾಗ ಆದದ್ದೂ ಇದೇ ಅಲ್ಲವೇ?

ಜಪಾನಿನತ್ತ ಕನ್ನಡಿಗರ ಕಣ್ಣು ಹಾಯ್ದದ್ದು ಇಂದು ನಿನ್ನೆಯಲ್ಲ. 1898ರಲ್ಲಿ ಎಂ. ವಿಶ್ವೇಶ್ವರಯ್ಯನವರು ಆ ದೇಶದಲ್ಲಿ ಸುತ್ತಾಡಿ, ಅಲ್ಲಿನ ಕೈಗಾರಿಕೆ ಮತ್ತು ಶಿಕ್ಷಣದ ಪ್ರಗತಿಯಿಂದ ಪ್ರಭಾವಿತರಾಗಿ ಬಂದಿದ್ದರು. ಅಂದು ಜಪಾನಿನಿಂದ ಕಲಿಯಬೇಕಾಗಿದ್ದುದು ಯಂತ್ರವನ್ನು ತನ್ನದಾಗಿಸಿಕೊಳ್ಳುವ ಬಗೆ. ಯಂತ್ರ ಗೆದ್ದ ಮೇಲೆ ಕೈಗೆ ಯಾವ ಸ್ಥಾನ ಕೊಡಬೇಕೆಂಬ ಪ್ರಶ್ನೆ ಈಗ ಆ ದೇಶದ ಮುಂದಿದೆ. ಅದಕ್ಕೆ ಅಲ್ಲಿಯೂ ಪೂರ್ಣ ಉತ್ತರ ಸಿಕ್ಕಿಲ್ಲ.

ಪ್ರದರ್ಶನಗಳು ಬೇಡವೆಂದಲ್ಲ. ಜನರ ಕಣ್ಣು ಪಳಗುವುದು ಅಲ್ಲಿಯೇ. ಆದರೆ ವಸ್ತುಸಂಗ್ರಹಾಲಯಗಳು ಇನ್ನೊಂದು ಹೆಜ್ಜೆ ಮುಂದಿಡಬಹುದು. ಗೊತ್ತಿರುವ ಕಡೆ ಕೆತ್ತನೆಗಾರನ ಹೆಸರನ್ನು ಚಿತ್ರಕಾರನ ಹೆಸರಿನ ಪಕ್ಕದಲ್ಲೇ ಬರೆಯಲಿ. ಗೊತ್ತಿಲ್ಲದ ಕಡೆ 'ಕೆತ್ತಿದವರು ತಿಳಿದಿಲ್ಲ' ಎಂದಾದರೂ ಬರೆಯಲಿ. ಮಳಿಗೆಯಲ್ಲಿ ಯಂತ್ರದಲ್ಲಿ ಅಚ್ಚಾದ ಅಲೆಯ ಚೀಲ, ಬಟ್ಟಲುಗಳ ಜತೆಗೆ ಕೈಯಿಂದ ಮುದ್ರಿಸಿದ ಒಂದು ಹಾಳೆಗೂ ಜಾಗ ಕೊಡಲಿ. ಸಾವಿರ ಯೆನ್ ನೋಟಿನ ಮೇಲೆ ಆ ಅಲೆ ಪ್ರತಿದಿನ ಕೋಟ್ಯಂತರ ಜನರ ಕೈಯಿಂದ ಕೈಗೆ ಹೋಗುತ್ತಿದೆ. ಅದರಲ್ಲಿ ಅಲ್ಪ ಪಾಲಾದರೂ ಅಲೆಯನ್ನು ಕೆತ್ತಬಲ್ಲ ಕೈಗೆ ತಲುಪಿದರೆ, ಮುಂದಿನ ಶತಮಾನದ ಪ್ರದರ್ಶನದಲ್ಲಿ ತೋರಿಸಲು ಏನಾದರೂ ಹೊಸದು ಉಳಿದೀತು.